ಹಾಲ್ ಖಾಲಿ, ಮಕ್ಕಳು ಬಸ್ ಸ್ಟ್ಯಾಂಡಲ್ಲಿ: ಹಾಸನದ ಒಂದು ಕಾಲೇಜಿನ ಪ್ರಕರಣ ಅಧ್ಯಯನ

ಇದು ಹಾಸನದ ಒಂದು ಚಿಕ್ಕ ಪದವಿ ಕಾಲೇಜಲ್ಲಿ 2025-26ರ ಮೊದಲ ಸೆಮಿಸ್ಟರಲ್ಲಿ ನಡೆದ ವಿಷಯ. ಕಾಲೇಜಿನ ಹೆಸರು ಹಾಕ್ತಿಲ್ಲ, ಯಾಕಂದ್ರೆ ಜಿಲ್ಲೆಯ ಬೇರೆ ಕಾಲೇಜುಗಳ ಮೇಷ್ಟ್ರುಗಳ ಹತ್ರ ಮಾತಾಡ್ದಾಗ ಅವರೂ ಇದೇ ಹೇಳ್ತಾರೆ, ಒಬ್ಬರ ಮೇಲೆ ಬೊಟ್ಟು ಮಾಡೋದ್ರಲ್ಲಿ ಅರ್ಥ ಇಲ್ಲ. ಬಿಎ, ಬಿಕಾಂ, ಬಿಎಸ್ಸಿ ಮೂರೂ ಇರೋ ಕಾಲೇಜು, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಪತ್ರಿಕೋದ್ಯಮ, ಐಚ್ಛಿಕ ಕನ್ನಡ ಓದೋ ಮಕ್ಕಳು, ಲ್ಯಾಬ್ ಕೋಟು ಹಾಕಿರೋ ಮಕ್ಕಳು ಎಲ್ರೂ ಒಂದೇ ಕಾರಿಡಾರಲ್ಲಿ ಓಡಾಡ್ತಾರೆ. ನಾನು ಅಲ್ಲಿ ಕನ್ನಡದ ಅತಿಥಿ ಉಪನ್ಯಾಸಕ, ಭಿತ್ತಿಪತ್ರಿಕೆ ನೋಡ್ಕೊಳ್ಳೋ ಕೆಲಸನೂ ನನ್ನದೇ. ಒಳ್ಳೆ ಕಾರ್ಯಕ್ರಮ ಇಟ್ರೂ ಮಕ್ಕಳು ಯಾಕೆ ಬರಲ್ಲ ಅನ್ನೋ ಪ್ರಶ್ನೆಗೆ ಸ್ಟಾಫ್ ರೂಮಲ್ಲಿ ಒಂದು ಉತ್ತರ ವರ್ಷಗಳಿಂದ ರೆಡಿ ಇದೆ, "ಈಗಿನವರಿಗೆ ಆಸಕ್ತಿನೇ ಇಲ್ಲ" ಅಂತ. ಆ ಉತ್ತರ ತಪ್ಪು ಅಂತ ಇಬ್ಬರು ವಿದ್ಯಾರ್ಥಿಗಳು ತೋರಿಸಿಕೊಟ್ರು, ಹೇಗೆ ಅನ್ನೋದನ್ನ ಪೂರ್ತಿ ಬರೆದಿಡ್ಬೇಕು ಅನಿಸ್ತು.

ಶುರುವಾಗಿದ್ದು ಒಂದು ವಿಶೇಷ ಉಪನ್ಯಾಸದಿಂದ. 2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವಲ್ಲ, ಅದರಲ್ಲಿ ಎರಡು ನಮ್ಮ ಜಿಲ್ಲೆಯವೇ, ನಮ್ಮ ಎಷ್ಟೋ ಮಕ್ಕಳು ದಿನಾ ಆ ದೇವಸ್ಥಾನದ ಪಕ್ಕದಿಂದಾನೇ ಬಸ್ ಹತ್ತಿ ಬರೋದು. ಇತಿಹಾಸ ವಿಭಾಗದವರು ಬಹಳ ಪ್ರಯತ್ನ ಮಾಡಿ ಶಾಸನಗಳ ಬಗ್ಗೆ ಜೀವಮಾನ ಕೆಲಸ ಮಾಡಿದ ಒಬ್ಬ ನಿವೃತ್ತ ಪ್ರಾಧ್ಯಾಪಕರನ್ನ ಕರೆಸಿದ್ರು. ಆ ಹಿರಿಯರು ಶಾಸನದ ಕಾಗದದ ಅಚ್ಚುಗಳನ್ನ ಸುರುಳಿ ಸುತ್ಕೊಂಡು ತಂದಿದ್ರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಲಿ ಶಿಲ್ಪಿಗಳು ತಮ್ಮ ಹೆಸರು ಊರು ಕೆತ್ತಿರೋದು, ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಅಪ್ಪ ಮಗ ಇಬ್ಬರ ಹೆಸರೂ ಕಲ್ಲಲ್ಲಿ ಸಿಗೋದು, ಇದನ್ನೆಲ್ಲ ಅಕ್ಷರ ಅಕ್ಷರ ಓದಿಸಿ ತೋರಿಸ್ಬೇಕು ಅಂತ ಅವರ ಆಸೆ. ನಾನು ಕೇಳಿದ ಉಪನ್ಯಾಸಗಳಲ್ಲಿ ಇಷ್ಟು ತಯಾರಿ ಮಾಡ್ಕೊಂಡು ಬಂದವರು ಕಡಿಮೆ.

ಹಾಲಲ್ಲಿ ಮುಂದಿನ ಎರಡು ಸಾಲು ತುಂಬಿತ್ತು. ಅದೂ ಹೇಗೆ ಅಂದ್ರೆ ಎನ್‌ಎಸ್‌ಎಸ್ ಮಕ್ಕಳನ್ನ ಗ್ರೌಂಡಿಂದ ಕರ್ಕೊಂಡು ಬಂದು ಕೂರಿಸಿದ್ದು. ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ ಅಂತಿತ್ತು, ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗೋದು, ಪ್ರಾಸ್ತಾವಿಕ ನುಡಿ, ಹಾರ ಶಾಲು, ಅಧ್ಯಕ್ಷರ ಮಾತು ಅಂತ ಎಲ್ಲ ಮುಗಿಯೋ ಹೊತ್ತಿಗೆ ಮಕ್ಕಳು ಗಡಿಯಾರ ನೋಡೋಕೆ ಶುರು ಮಾಡಿದ್ರು, ಮುಖ್ಯ ಉಪನ್ಯಾಸಕರು ಮೊದಲನೇ ಅಚ್ಚು ಬಿಚ್ಚೋವಾಗ ಹಿಂದಿನ ಬಾಗಿಲಿಂದ ಒಬ್ಬೊಬ್ಬರೇ ಎದ್ದು ಹೋಗ್ತಿದ್ರು. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದೆ, ಸ್ವಾಗತ ಭಾಷಣಕ್ಕೂ ಹಾಗೊಂದು ಮಿತಿ ಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಆ ಹಿರಿಯರು ಏನೂ ಬೇಜಾರು ತೋರಿಸ್ಲಿಲ್ಲ, ಉಳಿದವರಿಗೇ ಪ್ರೀತಿಯಿಂದ ಹೇಳಿಕೊಟ್ಟು ಹೋದ್ರು.

ಮಾರನೇ ದಿನ ಪತ್ರಿಕಾ ಪ್ರಕಟಣೆ ಹೋಯ್ತು. ಅಧ್ಯಕ್ಷತೆ ಯಾರದು, ಉದ್ಘಾಟನೆ ಯಾರದು, ಉಪಸ್ಥಿತಿ ಯಾರ್ಯಾರದು, ನಿರೂಪಣೆ ವಂದನಾರ್ಪಣೆ ಯಾರದು ಎಲ್ಲ ಇತ್ತು. ದಾಸೋಜನ ಹೆಸರು ಇರ್ಲಿಲ್ಲ. ಕಾರ್ಯಕ್ರಮದ ಮುಂಚೆ ಹಂಚಿದ ಆಹ್ವಾನ ಪತ್ರಿಕೆನೂ ಹಾಗೇ, "ವಿಷಯ: ಹೊಯ್ಸಳರ ಕಲೆ ಮತ್ತು ಸಂಸ್ಕೃತಿ" ಅಂತ ಒಂದು ಸಾಲು, ಉಳಿದಿದ್ದೆಲ್ಲ ವೇದಿಕೆ ಮೇಲೆ ಕೂರೋರ ಹೆಸರು.

ಮೂರನೇ ದಿನ ಹಳೇಬೀಡು ಕಡೆಯಿಂದ ಬರೋ ಒಬ್ಬ ಬಿಎ ಹುಡುಗ ನನ್ನ ಹತ್ರ ಬಂದು ಕೇಳ್ದ, "ಸರ್, ಶಾಸನ ಓದಿಸಿದ್ರಂತೆ, ಹೌದಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ ಸರ್." ಅವನು ಆ ದಿನ ಕಾಲೇಜಲ್ಲೇ ಇದ್ದ. ಎರಡು ಗಂಟೆವರೆಗೂ ಕ್ಲಾಸಲ್ಲಿ ಕೂತಿದ್ದ. ಅವನ ಮೊಬೈಲಿಗೆ ಆಹ್ವಾನ ಪತ್ರಿಕೆನೂ ಬಂದಿತ್ತು.

ಇದು ನನಗೆ ಬಹಳ ಕಾಡ್ತು. ಪತ್ರಿಕೋದ್ಯಮ ಓದ್ತಿರೋ ಇಬ್ಬರು ಫೈನಲ್ ಇಯರ್ ಮಕ್ಕಳು, ಕೊಣನೂರು ಕಡೆಯ ಒಬ್ಬಳು ಹುಡುಗಿ, ಬಿಕ್ಕೋಡು ಕಡೆಯ ಒಬ್ಬ ಹುಡುಗ, ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ರು. ಇದನ್ನೇ ತಗೊಳ್ಳಿ ಅಂದೆ. ಗೂಗಲ್ ಫಾರ್ಮ್ ಕಳಿಸೋದು ಬೇಡ, ಅದನ್ನ ತುಂಬೋರು ಹೇಗೂ ಕಾರ್ಯಕ್ರಮಕ್ಕೆ ಬರೋ ಮಕ್ಕಳೇ, ಬರದೇ ಇರೋರನ್ನ ಕೇಳ್ಬೇಕು ಅಂತ ಅವರೇ ತೀರ್ಮಾನ ಮಾಡಿದ್ರು. ಸಾಯಂಕಾಲ ಹೊಸ ಬಸ್ ಸ್ಟ್ಯಾಂಡಿಗೆ ಹೋಗಿ, ಅರಕಲಗೂಡು, ಬೇಲೂರು, ಸಕಲೇಶಪುರ, ಅರಸೀಕೆರೆ ಪ್ಲಾಟ್‌ಫಾರ್ಮುಗಳ ಹತ್ರ ನಮ್ಮ ಕಾಲೇಜಿನ ಐಡಿ ಕಾರ್ಡ್ ಹಾಕಿದೋರನ್ನ ನಿಲ್ಲಿಸಿ ಮಾತಾಡ್ಸಿದ್ರು. ಸುಮಾರು ದಿನ ಹೋದ್ರು. ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದಿದ್ದನ್ನ ಓದ್ದಾಗ ನನಗೆ ಕಾಲೇಜು ಬೇರೆ ಥರಾನೇ ಕಾಣಿಸ್ತು.

ಮೊದಲನೇದು ಬಸ್ಸು, ಮನೆ ಸೇರೋ ಹೊತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ತಲೆನೋವು ಹೋಯ್ತು, ಎಷ್ಟೋ ಹುಡುಗೀರು ಪಿಯುಸಿಗೇ ನಿಲ್ಲಿಸ್ಬೇಕಾಗಿದ್ದೋರು ಡಿಗ್ರಿಗೆ ಬರ್ತಿದಾರೆ, ಇದು ತುಂಬಾ ದೊಡ್ಡ ವಿಷಯ. ಆದ್ರೆ ತಾಲೂಕು ಕೇಂದ್ರದವರೆಗೆ ಬಸ್ ಸಿಕ್ರೆ ಸಾಲಲ್ಲ, ಅಲ್ಲಿಂದ ಊರಿಗೆ ಹೋಗೋ ಬಸ್ಸು ಇರೋದೇ ಒಂದೋ ಎರಡೋ. ಕೊಣನೂರು ಹುಡುಗಿ ಹೇಳಿದ್ದು ಹೀಗೆ: "ಮೂರಕ್ಕೆ ಪ್ರೋಗ್ರಾಂ ಅಂದ್ರೆ ನಮಗೆ ಬರಬೇಡಿ ಅಂತ ಹೇಳ್ದಂಗೆ ಸರ್."

ಇನ್ನು ಆಲೂರು, ಸಕಲೇಶಪುರ, ಬೇಲೂರಿನ ಬಿಕ್ಕೋಡು ಕಡೆಯವರದ್ದು ಇನ್ನೊಂದು ಕಷ್ಟ, ಆನೆ. ಬಸ್ ಇಳಿದು ಕಾಫಿ ತೋಟದ ಮಧ್ಯೆ ಮನೆವರೆಗೆ ನಡೀಬೇಕು, ಕತ್ತಲಾದ್ಮೇಲೆ ಯಾವ ಅಪ್ಪ ಅಮ್ಮನೂ ಒಪ್ಪಲ್ಲ, ಒಪ್ಪಬಾರದು ಕೂಡ, ಆ ಭಾಗದಲ್ಲಿ ಕಾಡಾನೆಯಿಂದ ಜೀವ ಹೋಗಿರೋದು ಒಂದೆರಡಲ್ಲ. ಊಟದ ಹೊತ್ತಲ್ಲಿ ಸ್ಟಾಫ್ ರೂಮಲ್ಲಿ ಕೂತು ಟೈಮ್ ಫಿಕ್ಸ್ ಮಾಡೋವಾಗ ನಮ್ಮ ಯಾರ ತಲೆಗೂ ಬರದ ವಿಷಯ ಇದು.

ಎರಡನೇದು ಸುದ್ದಿ ಹೋಗೋ ದಾರಿ. ಮೆಮೊ ಬುಕ್ ಹಿಡ್ಕೊಂಡು ಅಟೆಂಡರ್ ಕ್ಲಾಸಿಗೆ ಬರ್ತಾರೆ, ಪಾಠ ನಿಲ್ಸಿ ಮೇಷ್ಟ್ರು ಗಡಿಬಿಡಿಲಿ ಓದ್ತಾರೆ, ಹಿಂದಿನ ಬೆಂಚಿಗೆ ಕೇಳಲ್ಲ. ನೋಟಿಸ್ ಬೋರ್ಡು ಆಫೀಸ್ ಪಕ್ಕ ಗಾಜಿನೊಳಗಿದೆ, ಫೀಸ್ ಕಟ್ಟೋ ದಿನ ಬಿಟ್ರೆ ಆ ಕಡೆ ಹೋಗೋರು ಕಡಿಮೆ. ಉಳಿದಿದ್ದು ಕ್ಲಾಸ್ ರೆಪ್ ನೋಡ್ಕೊಳ್ಳೋ ವಾಟ್ಸಾಪ್ ಗ್ರೂಪು. ಅದ್ರಲ್ಲಿ ಯುಯುಸಿಎಂಎಸ್ (ಪ್ರವೇಶ, ಪರೀಕ್ಷೆ ಕೆಲಸದ ಸರ್ಕಾರಿ ಪೋರ್ಟಲ್) ಅರ್ಜಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಪರೀಕ್ಷೆ ಫೀಸ್ ಕೊನೆ ದಿನ, ಇಂಟರ್ನಲ್ಸ್ ಟೈಮ್‌ಟೇಬಲ್, ಹಾಲ್ ಟಿಕೆಟ್ ಎಲ್ಲ ಬರ್ತದೆ, ಮಧ್ಯದಲ್ಲಿ ಒಂದು ಪಿಡಿಎಫ್, ತೆಗೆದ್ರೆ ಆಹ್ವಾನ ಪತ್ರಿಕೆ. ಫೀಸಿನ ಮೆಸೇಜು ಎಲ್ರೂ ಓದ್ತಾರೆ, ಇವರು ಕೇಳಿದಷ್ಟೂ ಮಕ್ಕಳು ಕೊನೆ ದಿನಾಂಕ ಬಾಯಲ್ಲೇ ಹೇಳಿದ್ರು. ಪಿಡಿಎಫ್ ತೆಗೆಯಲ್ಲ, ತೆಗೆದ್ರೂ ಅದರಲ್ಲಿ ತನಗೆ ಏನಿದೆ ಅಂತ ಗೊತ್ತಾಗಲ್ಲ.

ಹಾಗಾಗಿ ಆಸಕ್ತಿ ಇಲ್ಲ ಅನ್ನೋ ಮಾತು ನಿಲ್ಲಲ್ಲ. ಇದಕ್ಕೆ ಇನ್ನೊಂದು ಸಾಕ್ಷಿ ಕೊಡ್ತೀನಿ. ಹಾಸನ ವಿವಿ ಮೈಸೂರು ವಿವಿಯಿಂದ ಬೇರೆಯಾಗಿ ಹೇಮಗಂಗೋತ್ರಿಲಿ ಶುರುವಾಗಿ ಇನ್ನೂ ಹೆಚ್ಚು ವರ್ಷ ಆಗಿಲ್ಲ, 2025ರ ಫೆಬ್ರವರಿಲಿ ಸಚಿವ ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನ ಮುಚ್ಚೋ ವಿಚಾರ ತೆಗೆದಾಗ ಆ ಪಟ್ಟಿಲಿ ಹಾಸನನೂ ಇತ್ತು. ಆ ವಾರ ಒಬ್ಬ ಮೇಷ್ಟ್ರಿಗೂ ಕಾರಿಡಾರಲ್ಲಿ ನಡೆಯೋಕೆ ಆಗ್ಲಿಲ್ಲ, "ಸರ್, ನಮ್ಮ ಮಾರ್ಕ್ಸ್ ಕಾರ್ಡಲ್ಲಿ ಯಾವ ಯೂನಿವರ್ಸಿಟಿ ಇರುತ್ತೆ? ಮೈಸೂರಾ?" ಅಂತ ಎಲ್ಲ ಕಡೆ ಕೇಳ್ತಿದ್ರು, ಪೇಪರ್ ಕಟಿಂಗ್ ಫೋಟೋ ಗ್ರೂಪಿಂದ ಗ್ರೂಪಿಗೆ ಓಡ್ತಿತ್ತು. ಕಾಲೇಜಿನ ಸುದ್ದಿ ತಮ್ಮ ಬದುಕಿಗೆ ತಾಗುತ್ತೆ ಅಂದ್ರೆ ಈ ಮಕ್ಕಳು ಹುಡ್ಕೊಂಡು ಹೋಗಿ ಓದ್ತಾರೆ.

ಮೂರನೇದು ನಾವು ಯಾರಿಗಾಗಿ ಕಾರ್ಯಕ್ರಮ ಮಾಡ್ತೀವಿ ಅನ್ನೋದು, ಇದನ್ನ ಬರೆಯೋಕೆ ಆ ಮಕ್ಕಳಿಗೆ ಧೈರ್ಯ ಬೇಕಿತ್ತು, ಬರೆದ್ರು. ಸೆಪ್ಟೆಂಬರ್ 5, ಸೆಪ್ಟೆಂಬರ್ 24ರ ಎನ್‌ಎಸ್‌ಎಸ್ ದಿನ, ನವೆಂಬರ್ ಪೂರ್ತಿ ರಾಜ್ಯೋತ್ಸವ, ನವೆಂಬರ್ 26ರ ಸಂವಿಧಾನ ದಿನ, ಜನವರಿ 12, ಫೆಬ್ರವರಿ 28ರ ವಿಜ್ಞಾನ ದಿನ, ಹೀಗೆ ಸುತ್ತೋಲೆ ಬಂದಂಗೆ ಕಾರ್ಯಕ್ರಮ ಆಗ್ತದೆ, ಜಿಯೋಟ್ಯಾಗ್ ಫೋಟೋ ತೆಗೀತಾರೆ, ವರದಿ ಕಾಲೇಜಿನ ಗುಣಮಟ್ಟ ನೋಡೋ ಘಟಕ ಐಕ್ಯೂಎಸಿಯ ಫೈಲಿಗೆ ಹೋಗ್ತದೆ, ಅಲ್ಲಿಂದ ವರ್ಷದ ಕೊನೆಗೆ ಕಾಲೇಜುಗಳಿಗೆ ಗ್ರೇಡ್ ಕೊಡೋ ಸಂಸ್ಥೆ ನ್ಯಾಕ್‌ಗೆ ಕಳಿಸೋ ವಾರ್ಷಿಕ ವರದಿ ಎಕ್ಯೂಎಆರ್‌ಗೆ. ಇದು ಬೇಕು, ನ್ಯಾಕ್ ಗ್ರೇಡ್ ಇಲ್ದಿದ್ರೆ ಕಾಲೇಜಿಗೆ ಅನುದಾನದ ದಾರಿಗಳೇ ಮುಚ್ಚೋಗ್ತವೆ, ಅದನ್ನ ಹೊರೋ ಕೋಆರ್ಡಿನೇಟರ್ ಮೇಡಂ ರಾತ್ರಿ ಹತ್ತರವರೆಗೆ ಕೂತು ಕೆಲಸ ಮಾಡಿದ್ದನ್ನ ನಾನೇ ನೋಡಿದೀನಿ. ಆದ್ರೆ ಫೈಲಿಗೆ ಅಂತ ಬರೆದ ಬರಹವನ್ನೇ ಮಕ್ಕಳಿಗೂ ಕಳಿಸ್ತೀವಿ, ಪೇಪರಿಗೂ ಅದನ್ನೇ ಕಳಿಸ್ತೀವಿ. ಮಗು ಓದಿ "ನಾನು ಹೋಗ್ಲಾ ಬೇಡ್ವಾ" ಅಂತ ತೀರ್ಮಾನ ಮಾಡೋಕೆ ಬೇಕಾದ್ದು ಒಂದೂ ಅದ್ರಲ್ಲಿ ಇರಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ.

ಮುಂದೆ ಏನ್ ಮಾಡೋದು ಅಂದಾಗ ಬಿಕ್ಕೋಡು ಹುಡುಗ ತನ್ನ ಮೊಬೈಲ್ ತೆಗೆದು ಊರಿನ ಆನೆ ಗ್ರೂಪ್ ತೋರಿಸ್ದ. ಆನೆ ಎಲ್ಲಿದೆ ಅಂತ ತಿಳಿಸೋಕೆ ಅಂತಾನೇ ಆ ಭಾಗದಲ್ಲಿ ವಾಟ್ಸಾಪ್ ಗ್ರೂಪುಗಳಿವೆ, ಬೆಳಿಗ್ಗೆ ಸಾಯಂಕಾಲ ಮೆಸೇಜ್ ಬರ್ತದೆ: ಯಾವ ತೋಟ, ಎಷ್ಟು ಆನೆ, ಯಾವ ಕಡೆ ಹೊರಟಿದೆ, ಯಾವ ರಸ್ತೇಲಿ ಓಡಾಡಬೇಡಿ. ನಾಲ್ಕು ಸಾಲು. "ಇದನ್ನ ಓದದೇ ಇರೋರು ನಮ್ಮೂರಲ್ಲಿ ಯಾರೂ ಇಲ್ಲ ಸರ್, ನಮ್ಮಜ್ಜಿಗೆ ಓದೋಕ್ ಬರಲ್ಲ, ನನ್ ಕೈಲಿ ಓದಿಸ್ಕೊಳ್ತಾರೆ" ಅಂದ. ಕಾಲೇಜಿನ ನೋಟಿಸೂ ಹಾಗಿರ್ಲಿ ಅಂತ ಅಲ್ಲೇ ತೀರ್ಮಾನ ಆಯ್ತು. ಏನು ನಡೆಯುತ್ತೆ, ಎಲ್ಲಿ, ಶುರು ಎಷ್ಟಕ್ಕೆ ಮುಗಿಯೋದು ಎಷ್ಟಕ್ಕೆ, ಯಾರಿಗೆ ಉಪಯೋಗ, ಆ ಪೀರಿಯಡ್ಡಿಗೆ ಅಟೆಂಡೆನ್ಸ್ ಸಿಗುತ್ತಾ ಇಲ್ವಾ. ಅಷ್ಟೇ. ಪಿಡಿಎಫ್ ಇಲ್ಲ, ಮೆಸೇಜಲ್ಲೇ ಟೈಪ್ ಮಾಡಿರೋ ಅಕ್ಷರ. ಪ್ರತಿ ಸೋಮವಾರ ಬೆಳಿಗ್ಗೆ ಆ ವಾರದ ಎಲ್ಲ ಕಾರ್ಯಕ್ರಮ ಒಂದೇ ಮೆಸೇಜಲ್ಲಿ, ಅದನ್ನೇ ಒಂದು ಹಾಳೆಲಿ ದೊಡ್ಡದಾಗಿ ಬರೆದು ಕ್ಯಾಂಟೀನ್ ಗೋಡೆಗೆ, ಹುಡುಗೀರ ವೆಯ್ಟಿಂಗ್ ರೂಮಿಗೆ, ಲೈಬ್ರರಿ ಬಾಗಿಲಿಗೆ. ಗಾಜಿನ ಬೋರ್ಡಿಗೆ ಅಂಟಿಸೋ ಆಫೀಸ್ ಪ್ರತಿ ಮುಂಚಿನ ಹಾಗೇ ಇರ್ಲಿ.

ಟೈಮ್ ಬದಲಾಯಿಸೋದು ಇದಕ್ಕಿಂತ ಕಷ್ಟ ಆಯ್ತು. ಕಾರಣ ಹೊರಗಿನವರಿಗೆ ಗೊತ್ತಾಗಲ್ಲ, ಹಾಗಾಗಿ ಹೇಳ್ತೀನಿ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದ್ರೆ ಎನ್‌ಇಪಿ ಸಿಲಬಸ್ ಬಂತು, 2024-25ರಿಂದ ರಾಜ್ಯ ಅದನ್ನ ಬಿಟ್ಟು ಮತ್ತೆ ಮೂರು ವರ್ಷದ ಪದವಿ, ರಾಜ್ಯ ಶಿಕ್ಷಣ ನೀತಿ ಅಂದ್ರೆ ಎಸ್‌ಇಪಿ ಅಂತ ಮಾಡ್ತು. ಈ ವರ್ಷ ಫೈನಲ್ ಇಯರ್ ಮಕ್ಕಳು ಹಳೇ ಎನ್‌ಇಪಿ ಪದ್ಧತಿ, ಫಸ್ಟ್ ಇಯರ್ ಸೆಕೆಂಡ್ ಇಯರ್ ಹೊಸ ಪದ್ಧತಿ, ವಿಷಯಗಳ ಜೋಡಣೆನೇ ಬೇರೆ, ಎಲ್ರಿಗೂ ಒಟ್ಟಿಗೆ ಬಿಡುವಿರೋ ಒಂದು ಗಂಟೆ ಟೈಮ್‌ಟೇಬಲಲ್ಲಿ ಹುಟ್ಟಿಸೋದು ನಿಜವಾಗ್ಲೂ ಸುಲಭ ಇಲ್ಲ. ಪ್ರಿನ್ಸಿಪಾಲರು ಆ ನೋಟ್‌ಬುಕ್ ಪೂರ್ತಿ ಓದಿದ್ರು, ಆನೆ ವಿಷಯ ಇದ್ದ ಪುಟ ಎರಡು ಸಲ ಓದಿದ್ರು. ಆಮೇಲೆ ಬುಧವಾರ ಹನ್ನೊಂದೂವರೆಯಿಂದ ಹನ್ನೆರಡೂವರೆ ಬಿಎ, ಬಿಕಾಂ ಕ್ಲಾಸುಗಳಿಗೆ ಪಾಠ ಬೇಡ, ಕಾರ್ಯಕ್ರಮ ಏನಿದ್ರೂ ಆವಾಗ್ಲೇ ಅಂತ ಒಪ್ಪಿದ್ರು. ಹಾಸನಾಂಬೆ ಬಾಗಿಲು ತೆಗೆದಿರೋ ದಿನಗಳಲ್ಲಿ ಏನೂ ಇಡೋದು ಬೇಡ ಅನ್ನೋದನ್ನೂ ಸೇರ್ಸಿದ್ರು. ಅಶ್ವಯುಜ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿ ಮಾರನೇ ದಿನದವರೆಗೆ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ, ಬಸ್ಸು ದೇವಸ್ಥಾನದ ಕಡೆ ತಿರುಗಿರ್ತವೆ, ಹಳ್ಳಿ ಮಕ್ಕಳು ಕಾಲೇಜಿಗೆ ಬಂದ್ರೆ ಅದೇ ದೊಡ್ಡದು.

ಹೊಸ ರೀತಿಲಿ ಮಾಡಿದ ಮೊದಲ ಕಾರ್ಯಕ್ರಮ ಕಥೆ ಓದೋದು. 2025ರ ಮೇ 20ಕ್ಕೆ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಪ್ರಶಸ್ತಿ ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು, ಅನುವಾದ ಮಾಡಿದ ಮಡಿಕೇರಿಯ ದೀಪಾ ಭಾಸ್ತಿ ಅವರಿಗೂ ಸಮಪಾಲು. ಹಾಸನದಲ್ಲೇ ಇರೋ, ಇಲ್ಲೇ ವಕೀಲಿ ಮಾಡಿದ, ಪತ್ರಿಕೆಗೆ ವರದಿ ಬರೆದ ಹೆಣ್ಣುಮಗಳು. ಆ ಸುದ್ದಿ ಬಂದಾಗ ರಜೆ ಇತ್ತು, ಕಾಲೇಜು ಶುರುವಾದ್ಮೇಲೂ ಮಕ್ಕಳ ಬಾಯಲ್ಲಿ ಅದೇ ಇತ್ತು, ಆದ್ರೆ ಕಥೆ ಓದಿದೋರು ಬಹಳ ಕಮ್ಮಿ. ಸಭೆ ಸನ್ಮಾನ ಬೇಡ, ಮಕ್ಕಳೇ ಕಥೆ ಓದ್ಲಿ ಅಂತ ಹೇಳಿದ್ದು ಕೊಣನೂರು ಹುಡುಗಿ. ಸೋಮವಾರದ ಮೆಸೇಜಲ್ಲಿ ಹೀಗಿತ್ತು: "ಬುಧವಾರ 11.30ಕ್ಕೆ ಲೈಬ್ರರಿ ರೀಡಿಂಗ್ ರೂಮ್. ಬೂಕರ್ ಬಂದ ನಮ್ಮೂರ ಲೇಖಕಿಯ ಕಥೆ ನಾವೇ ಓದ್ತೀವಿ. ಒಂದು ಕಥೆ, ಆಮೇಲೆ ಮಾತು. ಸ್ಟೇಜ್ ಇಲ್ಲ. 12.30ಕ್ಕೆ ಪಕ್ಕಾ ಮುಗಿಯುತ್ತೆ. ಕೇಳೋಕಷ್ಟೇ ಬಂದ್ರೂ ಆಯ್ತು."

ರೀಡಿಂಗ್ ರೂಮ್ ತುಂಬಿ ಪೇಪರ್ ಸ್ಟ್ಯಾಂಡ್ ಹತ್ರ ನಿಂತ್ಕೊಂಡ್ರು. ಬಿಕಾಂ ಹುಡುಗೀರು ಇಷ್ಟೊಂದು ಬರ್ತಾರೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ. ಓದೋಕೆ ಮುಂದೆ ಬಂದ ಒಬ್ಬಳು ಮುಸ್ಲಿಂ ಹುಡುಗಿ ಕಥೆಲಿ ಬರೋ ಉರ್ದು ಮಾತುಗಳನ್ನ ಮನೇಲಿ ಹೇಗೆ ಹೇಳ್ತಾರೋ ಹಾಗೇ ಓದಿದ್ಲು, ಪಕ್ಕದಲ್ಲಿದ್ದೋರು ಅರ್ಥ ಕೇಳಿದ್ರು, ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದ್ಲು. ಆಮೇಲಿನ ಮಾತು ಕಥೆ ಬಿಟ್ಟು ಎಲ್ಲೆಲ್ಲೋ ಹೋಯ್ತು, ಮನೇಲಿ ಅಕ್ಕನ ಓದು ನಿಲ್ಲಿಸಿದ್ದು, ತವರಿಗೆ ಬಂದ ಹೆಣ್ಣುಮಕ್ಕಳನ್ನ ಊರು ನೋಡೋ ರೀತಿ, ಇದು ನಮ್ಮ ಜಾತೀಲೂ ಇದೆ ಅಂತ ಒಬ್ಬ ಹುಡುಗ ಅಂದಿದ್ದು. ತರಗತಿಲಿ ನಾನು ಎಷ್ಟೇ ಪಾಠ ಮಾಡಿದ್ರೂ ಈ ಥರ ಮಾತು ಹೊರಗೆ ಬಂದಿದ್ದನ್ನ ನೋಡಿಲ್ಲ. ಹನ್ನೆರಡೂವರೆಗೆ ನಿಲ್ಲಿಸಿದ್ವಿ, ಮಾತು ಅರ್ಧದಲ್ಲಿದ್ರೂ ನಿಲ್ಲಿಸಿದ್ವಿ, ಹೇಳಿದ ಟೈಮಿಗೆ ಬಿಡ್ತಾರೆ ಅನ್ನೋ ನಂಬಿಕೆ ಮೊದಲ ದಿನಾನೇ ಹೋದ್ರೆ ಮುಂದಿನ ವಾರ ಯಾರೂ ಬರಲ್ಲ.

ಮಾರನೇ ದಿನ ಮಕ್ಕಳು ಒಂದು ಪುಟದ ವರದಿ ಬರೆದು ಅಂಟಿಸಿದ್ರು. ಯಾವ ಕಥೆ, ಅದ್ರಲ್ಲಿ ಏನಿತ್ತು, ಯಾವ ಪ್ರಶ್ನೆ ಬಂತು, ಯಾವುದಕ್ಕೆ ಜಗಳ ಆಯ್ತು, ಪುಸ್ತಕ ಲೈಬ್ರರಿಲಿ ಯಾವ ಕಪಾಟಲ್ಲಿದೆ. ಮನೆ ವಿಷಯ ಹೇಳ್ಕೊಂಡ ಮಕ್ಕಳ ಹೆಸರು ಹಾಕ್ಲಿಲ್ಲ, ಇದನ್ನ ಅವರೇ ಯೋಚಿಸಿ ಬಿಟ್ಟಿದ್ದು, ನನಗೆ ತುಂಬಾ ಹೆಮ್ಮೆ ಆಯ್ತು. ಬರದೇ ಇದ್ದ ಮಕ್ಕಳೂ ನಿಂತು ಓದಿದ್ರು, ಆ ವಾರ ಲೈಬ್ರರಿಯನ್ನರು ಆ ಪುಸ್ತಕಕ್ಕೆ ಹೆಸರು ಬರ್ಕೊಂಡು ಪಾಳಿ ಹಚ್ಚಬೇಕಾಯ್ತು.

ತೊಂದರೆನೂ ಬಂತು. ಕಾರ್ಯಕ್ರಮಕ್ಕೆ ಬಂದು ಕೊನೆವರೆಗೂ ಕೂತಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ವರದಿಲಿ ತಮ್ಮ ಹೆಸರಾಗ್ಲಿ ವಿಭಾಗದ ಹೆಸರಾಗ್ಲಿ ಇಲ್ಲ ಅಂತ ನೋವಾಯ್ತು. ಅದನ್ನ ಸಣ್ಣತನ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ, ಬಡ್ತಿಗೆ, ಅಂಕಕ್ಕೆ, ವಿಭಾಗದ ಲೆಕ್ಕಕ್ಕೆ ಆ ಹೆಸರು ಬೇಕಾಗ್ತದೆ, ವರ್ಷಗಟ್ಟಲೆ ಅದೇ ಪದ್ಧತಿಲಿ ಬಂದವರು ಅವರು. ಕೋಆರ್ಡಿನೇಟರ್ ಮೇಡಂ ದಾರಿ ಹುಡುಕಿದ್ರು: ಎರಡು ವರದಿ ಇರ್ಲಿ. ಫೈಲಿಗೆ ಹೋಗೋದ್ರಲ್ಲಿ ಎಲ್ಲರ ಹೆಸರು, ಫೋಟೋ, ಸಹಿ ಪಟ್ಟಿ. ಗೋಡೆಗೆ ಹೋಗೋದು ಮಕ್ಕಳದ್ದು, ಅದನ್ನ ಯಾರೂ ತಿದ್ದೋದು ಬೇಡ, ಕಾಗುಣಿತ ಬಿಟ್ಟು. ಅವರೇ ಆಮೇಲೆ ಹೇಳಿದ್ರು, ಕಾರ್ಯಕ್ರಮದ ಫಲ ಏನು ಅಂತ ಬರೆಯೋ ಕಾಲಂಗೆ ಇಷ್ಟು ವರ್ಷ ಅದೇ ಎರಡು ಸಾಲು ತುಂಬಿಸ್ತಿದ್ವಿ, ಈಗ ಮಕ್ಕಳ ಪುಟದಿಂದಾನೇ ತಗೋತೀನಿ ಅಂತ.

ಎಲ್ಲ ಬುಧವಾರನೂ ಹೀಗೆ ತುಂಬಿತ್ತು ಅಂತ ಹೇಳಲ್ಲ. ಗ್ರಾಹಕರ ಹಕ್ಕಿನ ಬಗ್ಗೆ ಇಟ್ಟಿದ್ದಕ್ಕೆ ಜನ ಕಡಿಮೆ, ಮೆಸೇಜಲ್ಲಿ ಏನಿದೆ ಅಂತ ಸ್ಪಷ್ಟ ಇತ್ತು, ಬೇಡ ಅಂದೋರು ಬರ್ಲಿಲ್ಲ, ಬಂದೋರು ಕೇಳೋಕೇ ಬಂದಿದ್ರು, ಆನ್‌ಲೈನಲ್ಲಿ ದುಡ್ಡು ಕಳ್ಕೊಂಡ ಒಬ್ಬ ಹುಡುಗ ಅಲ್ಲೇ ಕೂತು ದೂರು ಬರೆಸ್ಕೊಂಡ. ಹಾಲ್ ತುಂಬಿಸೋಕೆ ಎನ್‌ಎಸ್‌ಎಸ್ ಮಕ್ಕಳನ್ನ ಎಳ್ಕೊಂಡು ಬರೋದು ಮಾತ್ರ ನಿಂತಿದೆ, ನನಗೆ ಇದು ಜನ ಸೇರಿದ್ದಕ್ಕಿಂತ ದೊಡ್ಡ ಬದಲಾವಣೆ. ಇಂಟರ್ನಲ್ಸ್ ಹತ್ರ ಬಂದಾಗ ಪೋರ್ಷನ್ ಮುಗೀಬೇಕು ಅಂತ ಎರಡು ಬುಧವಾರ ಆ ಗಂಟೆನ ಕ್ಲಾಸುಗಳೇ ತಗೊಂಡ್ವು. ಸೋಮವಾರದ ಮೆಸೇಜಲ್ಲಿ "ಈ ವಾರ ಏನೂ ಇಲ್ಲ" ಅಂತ ಬರೆದು ಕಳಿಸಿದ್ರು, ಅದನ್ನೂ ಬಿಡಬಾರದು ಅನ್ನೋದು ಬಿಕ್ಕೋಡು ಹುಡುಗನ ಹಟ. ಆನೆ ಇಲ್ಲದ ದಿನವೂ ಆನೆ ಗ್ರೂಪಲ್ಲಿ ಮೆಸೇಜ್ ಬರ್ತದೆ, ಅದಕ್ಕೇ ಜನ ನಂಬೋದು ಅಂತ ಅವನ ವಾದ.

ಬಗೆಹರಿಯದೇ ಉಳಿದಿರೋದು ಬಿಎಸ್ಸಿ ಮಕ್ಕಳದ್ದು. ಬುಧವಾರ ಅವರಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್, ಬ್ಯಾಚ್ ಬದಲಾಯಿಸೋಣ ಅಂದ್ರೆ ಲ್ಯಾಬ್ ಒಂದೇ, ಮಧ್ಯಾಹ್ನಕ್ಕೆ ಹಾಕೋಣ ಅಂದ್ರೆ ಮತ್ತೆ ಬಸ್ಸಿನ ಪ್ರಶ್ನೆ. ಒಬ್ಬಳು ಫಸ್ಟ್ ಇಯರ್ ಹುಡುಗಿ ಗೋಡೆ ಮೇಲಿನ ವರದಿ ಕೆಳಗೆ ಪೆನ್ಸಿಲಲ್ಲಿ "ನಮಗೂ ಕಥೆ ಬೇಕು" ಅಂತ ಬರೆದಿದ್ಲು, ಅದನ್ನ ಫೋಟೋ ತೆಗೆದು ಪ್ರಿನ್ಸಿಪಾಲರಿಗೆ ತೋರಿಸಿದೀವಿ. ಮುಂದಿನ ಸೆಮಿಸ್ಟರ್ ಟೈಮ್‌ಟೇಬಲ್ ಮಾಡೋ ಕಮಿಟಿಲಿ ಮೂರೂ ಕೋರ್ಸಿಂದ ಒಬ್ಬೊಬ್ಬ ವಿದ್ಯಾರ್ಥಿನ ಕೂರಿಸಿ, ಯಾವ ಊರಿನ ಮಕ್ಕಳಿಗೆ ಕೊನೆ ಬಸ್ ಎಷ್ಟೊತ್ತಿಗೆ ಅನ್ನೋ ಪಟ್ಟಿ ಮೇಜಿನ ಮೇಲೆ ಇಟ್ಕೊಂಡು ಶುರು ಮಾಡಿ ಅಂತ ಬರವಣಿಗೇಲಿ ಕೇಳಿದೀವಿ. ಬಸ್ಸಿನ ಪಟ್ಟಿ ಮಕ್ಕಳು ಆಗ್ಲೇ ತಯಾರು ಮಾಡಿದಾರೆ, ಕಮಿಟಿ ಮೀಟಿಂಗ್ ದಿನಾಂಕ ಇನ್ನೂ ಗೊತ್ತಾಗಿಲ್ಲ.